ಹತ್ತೊಂಬತ್ತನೆಯ ಸಾಲು

ಅಮ್ಮನ ಕಣ್ಣು ಬಟ್ಟಲಿನ ತಳದಲ್ಲಿ ಮಲಗಿಕೊಂಡು ಅವನನ್ನೇ ನೋಡುತ್ತಿತ್ತು. ವಾರಕ್ಕೊಮ್ಮೆ ಅದನ್ನು ತೆಗೆದು, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಬಿಟ್ಟು, ಬೆರಳ ತುದಿಯಿಂದ ಉಜ್ಜಿ, ಚೆನ್ನಾಗಿ ತೊಳೆದು, ಒದ್ದೆ ಇರುವಾಗಲೇ ಮತ್ತೆ ರೆಪ್ಪೆಯ ಹಿಂದೆ ಕೂರಿಸಬೇಕು. ಒಂಬತ್ತು ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ಕಣ್ಣು ಮುಚ್ಚಿಕೊಂಡು ಮಾಡಿಯಾನು. ಜನ ಅಂದುಕೊಂಡ ಹಾಗೆ ಅದು ಗೋಲಿಯೂ ಅಲ್ಲ, ಗಾಜೂ ಅಲ್ಲ, ಹೆಬ್ಬೆರಳ ಉಗುರಿನಂತೆ ಬಾಗಿದ ಒಂದು ಪ್ಲಾಸ್ಟಿಕ್ ಚಿಪ್ಪು. ಬಿಳಿಯ ಭಾಗದಲ್ಲಿ ಕೂದಲಿಗಿಂತ ತೆಳುವಾದ ಕೆಂಪು ರೇಷ್ಮೆ ಎಳೆಗಳನ್ನು ನರಗಳ ಹಾಗೆ ಕೂರಿಸಿದ್ದಾರೆ. ಪಾಪೆಯ ಸುತ್ತಲಿನ ಕಂದು ಭಾಗದ ಅಂಚಿನಲ್ಲಿ, ವಯಸ್ಸಾದವರಿಗೆ ಬರುವ ಆ ಬೂದು ಉಂಗುರವನ್ನೂ ಬಿಟ್ಟಿಲ್ಲ. ಇಷ್ಟನ್ನೂ ಕೈಯಲ್ಲಿ ಬರೆದವಳಿಗೆ ಇವತ್ತು ಕೆಲಸದ ಕೊನೆಯ ದಿನ. ಅದು ನೆನಪಾದದ್ದೇ ತಡ, ಬೆರಳು ಜಾರಿ ಚಿಪ್ಪು ಬಟ್ಟಲಿಗೆ ಬಡಿಯಿತು.

"ಮೆಲ್ಲಗೆ ಕಣೋ," ಎಂದಳು ಅಮ್ಮ ಕುರ್ಚಿಯಿಂದ. "ಇರೋದೇ ಒಂದೂವರೆ ಕಣ್ಣು. ಆ ಅರ್ಧಾನೂ ಕಳೆದುಬಿಟ್ಟೀಯ."

"ಏನಾಗಿಲ್ಲಮ್ಮ."

"ಇವತ್ತು ಬರ್ತಾಳಲ್ವಾ, ಬಣ್ಣದ ಹುಡುಗಿ?"

"ನಾಲ್ಕು ಗಂಟೆಗೆ. ಕಿಟಕಿ ಬೆಳಕು ಬೇಕಂತೆ."

ಬಣ್ಣದ ಹುಡುಗಿಗೆ ಐವತ್ತಮೂರು ವರ್ಷ, ಅವನಿಗಿಂತ ಏಳು ವರ್ಷ ದೊಡ್ಡವಳು. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಬಣ್ಣದಕ್ಕ. ಆದರೆ ಅಮ್ಮನಿಗೆ ತನಗಿಂತ ಚಿಕ್ಕವರೆಲ್ಲ ಹುಡುಗರೇ, ಹುಡುಗಿಯರೇ. "ಕೆಲಸ ಬಿಡ್ತಾಳಂತಲ್ಲ, ಯಾಕಂತೆ?" ಎಂದು ಅಮ್ಮ ಕೇಳಿದಳು. "ಅದೇನೋ ಕಂಪನಿ ವಿಷಯ" ಎಂದು ಅವನು ಚಿಪ್ಪನ್ನು ಮೇಲಿನ ರೆಪ್ಪೆಯ ಕೆಳಗೆ ತೂರಿಸಿದ. ಅದು ಕೂತಿತು. ಒಂದು ಕಣ್ಣಿದ್ದ ಮುಖ ಎರಡು ಕಣ್ಣಿನದಾಯಿತು, ಎರಡೂ ಅವನ ಮೇಲೆ ನಿಂತವು. ಎಡಗಡೆಯದು ಅವನನ್ನು ನೋಡುತ್ತದೆ, ಬಲಗಡೆಯದು ನೋಡುವುದಿಲ್ಲ ಎನ್ನುವುದು ಅವನಿಗೆ ಹಸ್ತರೇಖೆಯಷ್ಟೇ ಪರಿಚಿತ. ಆದರೂ ಎರಡು ತಿಂಗಳಿಂದ ಯಾವುದು ನೋಡುವ ಕಣ್ಣು, ಯಾವುದು ಬರೆದ ಕಣ್ಣು ಎಂದು ಅವನಿಗೆ ತಟ್ಟನೆ ಹೊಳೆಯುತ್ತಿರಲಿಲ್ಲ. ಟವೆಲ್ಲಿಗೆ ಕೈ ಒರೆಸಿಕೊಂಡು, ತಿಂಡಿ ಸಾಕೆಂದು, ಚೀಲ ಹಾಕಿಕೊಂಡು ಹೊರಟ. ಬಾಗಿಲ ಹತ್ತಿರ ಹೋದಾಗ ಅಮ್ಮ ಮತ್ತೆ ಕರೆದು ಕೊಡೆ ಎಂದಳು. ಬಿಸಿಲಿತ್ತು. ಆದರೂ ತೆಗೆದುಕೊಂಡ.

ಕಚೇರಿಯಲ್ಲಿ ಅವನ ಹೆಸರು ಪಟ್ಟಿರಾಯ. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇದೆ. ಕೃತಕ ಕಣ್ಣು ಮಾಡುವ ಆ ಸಂಸ್ಥೆಗೆ ಆರು ಊರುಗಳಲ್ಲಿ ಶಾಖೆ, ಇಲ್ಲಿ ಒಂದು ಕಾರ್ಯಾಗಾರ. ಏನೇ ಕೊಳ್ಳುವುದಿರಲಿ, ಕುರ್ಚಿಯಾಗಲಿ, ಉಜ್ಜುವ ಯಂತ್ರವಾಗಲಿ, ಅವನು ಮೊದಲು ಪಟ್ಟಿ ಮಾಡಬೇಕು: ಅಡ್ಡಕ್ಕೆ ಸರಕುಗಳು, ಉದ್ದಕ್ಕೆ ಗುಣಗಳು, ಪ್ರತಿ ಮನೆಯಲ್ಲಿ ಐದಕ್ಕೆ ಇಷ್ಟು ಎಂದು ಅಂಕ. ಮಾಡುತ್ತ ಮಾಡುತ್ತ ಅದು ಅವನ ಸ್ವಭಾವಕ್ಕೇ ಹತ್ತಿಬಿಟ್ಟಿತ್ತು. ಬಸ್ಸಿನಲ್ಲಿ ಕೂತರೆ ಎದುರಿನ ಮೂರು ಸೀಟಿಗೂ ಮನಸ್ಸಿನಲ್ಲೇ ಅಂಕ ಹಾಕುವನು. ಇಂದು ಹನ್ನೊಂದು ಗಂಟೆಗೆ ಯಜಮಾನರ ಮುಂದೆ ಇಡಬೇಕಾದದ್ದು ಕ್ಲೌಡ್‌ನಲ್ಲಿರುವ ಕಡತಗಳನ್ನು ಕಾಯುವ ಸಾಫ್ಟ್‌ವೇರ್‌ಗಳ ಪಟ್ಟಿ. ಮೂರು ಕಂಪನಿ. ಹೆಸರುಗಳಿಗೆ ನಾಲಿಗೆ ಹೊರಳುವುದಿಲ್ಲವೆಂದು ಅವುಗಳ ಚಿಹ್ನೆಯ ಬಣ್ಣದಿಂದಲೇ ನೀಲಿ, ಹಸಿರು, ಕಿತ್ತಳೆ ಎಂದು ಕರೆಯುತ್ತಾರೆ. ಇಪ್ಪತ್ತೇಳು ಸಾಲು. ಒಳಗೆ ಬರುವವನು ಯಾರೆಂದು ಎಷ್ಟು ಸಲ ಕೇಳುತ್ತದೆ, ಕಡತಕ್ಕೆ ಎಂಥ ಬೀಗ ಹಾಕುತ್ತದೆ, ಕಳ್ಳ ಬಂದರೆ ಎಷ್ಟು ನಿಮಿಷಕ್ಕೆ ಕೂಗುತ್ತದೆ, ಎಷ್ಟು ಪ್ರತಿ ಇಡುತ್ತದೆ, ಎಲ್ಲಿ ಇಡುತ್ತದೆ. ಹತ್ತೊಂಬತ್ತನೆಯ ಸಾಲು: ಕಳೆದುಹೋದದ್ದನ್ನು ಮರಳಿ ತರುತ್ತದೆಯೇ. ಇಂಥದೇ ಪಟ್ಟಿಯನ್ನು ಹೋದ ವರ್ಷವೂ ಅವನೇ ಮಾಡಿದ್ದ. ಹಸಿರಿಗೆ ಹತ್ತೊಂಬತ್ತನೆಯ ಸಾಲಿನಲ್ಲಿ ಐದಕ್ಕೆ ಐದು ಕೊಟ್ಟು, ಪಕ್ಕದ ಮನೆಯಲ್ಲಿ "ಪರೀಕ್ಷಿಸಲಾಗಿದೆ" ಎಂದು ಬರೆದಿದ್ದ. ಕೊಂಡದ್ದೂ ಹಸಿರನ್ನೇ.

ಪರೀಕ್ಷಿಸಲಾಗಿದೆ. ಯಾರಿಂದ ಎಂದು ಆ ಮಾತು ಹೇಳುವುದಿಲ್ಲ. ಬಸ್ಸು ತಿರುವಿನಲ್ಲಿ ನಿಂತಾಗ, ಮುಂದಿನ ಸೀಟಿನ ಹೆಂಗಸಿನ ಭುಜದ ಮೇಲಿಂದ ಒಂದು ಮಗು ಅವನನ್ನು ದಿಟ್ಟಿಸಿತು, ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಹೋದ ವರ್ಷ ಅದನ್ನು ಬರೆದ ದಿನ ಕೆಳಗೆ ಅಂಗಳದಲ್ಲಿ ಕಾಗದ ಚೂರು ಮಾಡುವ ಬಾಡಿಗೆ ಯಂತ್ರ ಬಂದು ನಿಂತಿತ್ತು, ಒಂದೇ ದಿನಕ್ಕೆ ಬಂದದ್ದು, ಅದರ ಕಿರುಗುಟ್ಟುವ ಸದ್ದು ಮೂರನೆಯ ಮಹಡಿಗೂ ಕೇಳುತ್ತಿತ್ತು. ಅದನ್ನು ಕರೆಸಿದ್ದೂ ಅವನೇ. ಪಟ್ಟಿಯ ಇಪ್ಪತ್ತೆರಡನೆಯ ಸಾಲು: ರೋಗಿಗಳ ವಿವರ ಕಾಗದದ ಮೇಲೆ ಉಳಿಯಬಾರದು. ಕಾಗದಕ್ಕೆ ಬೀಗವಿಲ್ಲ, ಯಾರು ಬೇಕಾದರೂ ಓದಬಹುದು, ಆದ್ದರಿಂದ ಕಾಗದವೇ ದೊಡ್ಡ ಅಪಾಯ ಎಂದು ಅವನು ಯಜಮಾನರಿಗೆ ಬಿಡಿಸಿ ಹೇಳಿದ್ದ. ತಾನು ಹಾಗೆ ಬಿಡಿಸಿ ಹೇಳಿದಾಗ ಎಲ್ಲರೂ ತಲೆ ಆಡಿಸಿದ್ದು ಇಂದಿಗೂ ನೆನಪಿದೆ. ಅವನು ಹಸಿರಿನ ಪ್ರಯೋಗದ ಪ್ರತಿಯಿಂದ ಒಂದು ದಿನದ ಕಣ್ಣಿನ ಫೋಟೋಗಳನ್ನು ಮರಳಿ ತರಿಸಲು ಗುಂಡಿ ಒತ್ತಿ ಕೂತಿದ್ದ. ಪರದೆಯ ಮೇಲಿನ ಪಟ್ಟೆ ಹತ್ತು, ಇಪ್ಪತ್ತು, ಮೂವತ್ತು ಎಂದು ತುಂಬುತ್ತ ಹೋಗಿ ನಲವತ್ತಕ್ಕೆ ನಿಂತಿತ್ತು. ಹತ್ತು ನಿಮಿಷ ನಿಂತಿತು. ಇಪ್ಪತ್ತು ನಿಮಿಷ ನಿಂತಿತು. ಆಗ ಬಣ್ಣದಕ್ಕ ಎರಡು ಕೈಯಲ್ಲಿ ಎರಡು ಚೀಲ ಹೊತ್ತು ಅವನ ಬೆನ್ನ ಹಿಂದೆ ಬಂದು ನಿಂತಳು.

ಚೀಲದಲ್ಲಿದ್ದದ್ದು ಮೂವತ್ತೊಂದು ಪುಸ್ತಕ. ಹದಿನೈದು ವರ್ಷದಲ್ಲಿ ಅವಳು ಬರೆದ ಒಂದೊಂದು ಕಣ್ಣಿಗೂ ಒಂದೊಂದು ಪುಟ: ಬೆರೆಸಿದ ಬಣ್ಣದ ಒಂದು ಚುಕ್ಕೆ, ಪಕ್ಕದಲ್ಲಿ ಅದರ ಲೆಕ್ಕ, ಕೆಳಗೆ ಯಾವ ಪಟ್ಟಿಯೂ ಕೇಳದ ಮಾತುಗಳು. "ಕಂದು ಎರಡು, ಹಳದಿ ಕಾಲು. ನಕ್ಕರೆ ಕಣ್ಣು ಚಿಕ್ಕದಾಗುತ್ತೆ." "ಅಂಚಿನಲ್ಲಿ ಹಸಿರು ಇದೆ, ಬಿಸಿಲಿಗೆ ಹೋದರೆ ಮಾತ್ರ ಕಾಣುತ್ತೆ." ಎಲ್ಲ ಪುಟಗಳ ಫೋಟೋ ಹಿಡಿದು ಕಂಪ್ಯೂಟರಿಗೆ ಸೇರಿಸಿಯಾಗಿತ್ತು. "ಕೊಟ್ಟುಬಿಡಲಾ, ಪಟ್ಟಿರಾಯರೇ?" ಎಂದಳು. ಅವನು ಪರದೆಯನ್ನೇ ನೋಡುತ್ತಿದ್ದ. "ಹೋದದ್ದು ತಿರುಗಿ ಬಂತಾ?" ಎಂದು ಕೇಳಿದಳು. ಅದೇ ಹೊತ್ತಿಗೆ ಯಜಮಾನರ ಮಗ ಬಾಗಿಲಲ್ಲಿ ತಲೆ ಹಾಕಿ, "ಏನು, ಆಯ್ತಾ? ಕೆಳಗೆ ಯಂತ್ರದವನು ಕಾಯ್ತಿದ್ದಾನೆ" ಎಂದ. ಗೊತ್ತಿಲ್ಲ, ಇನ್ನೂ ನೋಡಬೇಕು ಎಂದು ಹೇಳುವುದಕ್ಕೆ ಮೂರು ಮಾತು ಸಾಕಿತ್ತು. ಆ ಮೂರು ಮಾತು ಆ ಮಗನ ಮುಂದೆ ಹೇಳುವುದು ಅವನಿಗೆ ಅವಮಾನ ಅನ್ನಿಸಿತು. ಹಿಂದಿನ ವಾರವಷ್ಟೇ ಆ ಮಗ, "ನಮ್ಮ ಪಟ್ಟಿರಾಯರು ಪಟ್ಟಿ ಮಾಡೋದ್ರಲ್ಲಿ ಹುಲಿ, ಕೆಲಸ ಮುಗಿಸೋದ್ರಲ್ಲಿ ಇಲಿ" ಎಂದು ಎಲ್ಲರನ್ನೂ ನಗಿಸಿದ್ದ, ಅವನೂ ನಕ್ಕಿದ್ದ. "ಬಂತು," ಎಂದ. ಅವಳು ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು. ನಾಳೆ ಬೆಳಿಗ್ಗೆ ಬಂದು ಇನ್ನೊಂದು ಸಲ ನೋಡಿದರಾಯಿತು ಎಂದು ಅವನು ಪರದೆ ಆರಿಸಿದ್ದ. ಆ ನಾಳೆ ಹತ್ತು ತಿಂಗಳು ಕಳೆದರೂ ಬರಲಿಲ್ಲ.

ಕಾರ್ಯಾಗಾರ ದಾಟಿಯೇ ಅವನ ಕೋಣೆಗೆ ಹೋಗಬೇಕು. ಉಜ್ಜುವ ಯಂತ್ರದ ಬಿಸಿ ಪ್ಲಾಸ್ಟಿಕ್ ವಾಸನೆ, ತಟ್ಟೆಗಳಲ್ಲಿ ಬಣ್ಣವಿಲ್ಲದ ಬಿಳಿ ಚಿಪ್ಪುಗಳು. ಕಿಟಕಿಯ ಬಳಿಯ ಮೇಜಿನಲ್ಲಿ ಬಣ್ಣದಕ್ಕ ಕುಂಚಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಕಿವಿಗೆ ಫೋನು ಸಿಕ್ಕಿಸಿಕೊಂಡು ಯಾರೊಂದಿಗೋ ಮಾತಾಡುತ್ತಿದ್ದಳು. "ಹೌದು ತಾಯಿ, ಗೊತ್ತು. ನೆನಪಿಂದ ಬರೀತೀನಿ. ಆದಷ್ಟು ಹತ್ತಿರ ಬರುತ್ತೆ, ಅದೇ ಅಂತ ಹೇಳಲಾರೆ." ಅವನಿಗೆ ಅದು ಯಾರೆಂದು ಗೊತ್ತಾಯಿತು. ಒಬ್ಬ ದರ್ಜಿಯ ಹೆಂಡತಿ. ದರ್ಜಿಗೆ ಮೊದಲು ಒಂದು ಕಣ್ಣು ಹೋಗಿತ್ತು, ಈಚೆಗೆ ಇನ್ನೊಂದನ್ನೂ ತೆಗೆಯಬೇಕಾಯಿತು. ಈಗ ನೋಡಿ ಬರೆಯಲು ಅವನ ಮುಖದಲ್ಲಿ ಕಣ್ಣೇ ಇಲ್ಲ, ಇದ್ದದ್ದು ಫೋಟೋ ಮತ್ತು ಒಂದು ಪುಟ, ಎರಡೂ ಈಗಿಲ್ಲ. ಎರಡು ತಿಂಗಳಿಂದ ಬಣ್ಣದಕ್ಕ ಹೀಗೆ ದಿನಕ್ಕೆ ಹತ್ತು ಹನ್ನೆರಡು ಮಂದಿಗೆ ತಾನೇ ಫೋನು ಮಾಡುತ್ತಿದ್ದಾಳೆ, ಮಾಡೆಂದು ಯಾರೂ ಹೇಳಿರಲಿಲ್ಲ. ಫೋನಿಟ್ಟು ಅವನನ್ನು ಕಂಡು, "ಕೊಡೆ ಯಾಕೆ ತಂದ್ರಿ, ಬಿಸಿಲು ಹೀಗಿದೆ?" ಎಂದಳು.

"ಅಮ್ಮ ಕೊಟ್ಲು."

"ಅಮ್ಮ ಹೇಳಿದ್ರೆ ಸರಿ ಬಿಡಿ." ನಕ್ಕಳು. ಅವಳ ನಗುವಿಗೆ ಅವನು ಉತ್ತರ ನಗು ನಗಲು ಹೋದ, ಅದು ಅರ್ಧಕ್ಕೇ ನಿಂತಿತು. ಎಂದಿನಂತೆ ಅವಳ ಮೇಜಿನ ಮೂಲೆಯಲ್ಲಿ ಒಂದು ಚಾ ಲೋಟ ಅವನಿಗಾಗಿ ಮುಚ್ಚಿಟ್ಟಿತ್ತು. ಹದಿನೈದು ವರ್ಷದ ಅಭ್ಯಾಸ. ಬೇಡ ಅಂದರೂ ತಪ್ಪು, ಕುಡಿದರೂ ತಪ್ಪು. ಕುಡಿದ. ಸಕ್ಕರೆ ಅವನಿಗೆ ಬೇಕಾದಷ್ಟೇ ಇತ್ತು.

ಅವಳ ತಪ್ಪು ಇಷ್ಟು. ಎರಡು ತಿಂಗಳ ಹಿಂದೆ ಒಂದು ಮೇಲ್ ಬಂದಿತ್ತು: ನನ್ನ ಮಗಳ ಕಣ್ಣು, ದಯವಿಟ್ಟು ನೋಡಿ, ಹೊಂದುವ ಬಣ್ಣ ಸಿಗುತ್ತದೆಯೇ. ಜೊತೆಗೊಂದು ಫೋಟೋ. ಅವಳು ತೆರೆದಳು. ಫೋಟೋ ತೆರೆಯಲಿಲ್ಲ, ಕಂಪನಿಯ ಕಡತಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಯಾರೋ ಎಲ್ಲಿಂದಲೋ ಒಳಗೆ ಬಂದು ಬೀಗ ಜಡಿದು ಹೋಗಿದ್ದರು. ಗಾಬರಿ ಬೇಡ, ಇನ್ನೊಂದು ಪ್ರತಿ ಕ್ಲೌಡ್‌ನಲ್ಲಿದೆ ಎಂದು ಪಟ್ಟಿರಾಯ ಎಲ್ಲರ ಮುಂದೆ ಗುಂಡಿ ಒತ್ತಿದ. ಹಾಜರಿ ಬಂತು, ಪತ್ರಗಳು ಬಂದವು, ರಜೆಯ ಅರ್ಜಿಗಳು ಕೂಡ ಬಂದವು. ಪಟ್ಟೆ ನಲವತ್ತಕ್ಕೆ ನಿಂತಿತು. ಒಂದು ಅಳತೆಗಿಂತ ದೊಡ್ಡ ಫೋಟೋಗಳನ್ನು ಹಸಿರು ಮೊದಲ ದಿನದಿಂದಲೂ ನಕಲೇ ಮಾಡುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಯಾರಾದರೂ ಒಂದು ಸಲ ನೋಡಿದ್ದರೆ ಒಂದು ಗುಂಡಿಯಲ್ಲಿ ಸರಿಪಡಿಸಬಹುದಾದ ವಿಷಯ. ಕಣ್ಣುಗಳು ಬರಲಿಲ್ಲ. ಆರು ಸಾವಿರ ಕಣ್ಣುಗಳು. ಅವತ್ತು ಇಡೀ ಕಾರ್ಯಾಗಾರ ಸದ್ದಿಲ್ಲದೆ ಬಣ್ಣದಕ್ಕನ ಕಡೆ ತಿರುಗಿತ್ತು. ಯಾರೋ "ತೆರೆದದ್ದು ಯಾರು?" ಎಂದರು. ಮರಳಿ ಬರುತ್ತದೆ ಎಂದದ್ದು ಯಾರು ಎಂದು ಯಾರೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನಾದರೋ ಕೈಯನ್ನು ಹೆಗಲ ಹತ್ತಿರವೂ ಒಯ್ಯದೆ ಎರಡು ತಿಂಗಳು ನಿಭಾಯಿಸಿಬಿಟ್ಟ.

ಹನ್ನೊಂದಕ್ಕೆ ಯಜಮಾನರ ಕೋಣೆ. ಅವರು ಕುರ್ಚಿಯಲ್ಲಿ, ಮಗ ಕಿಟಕಿಯ ಕಟ್ಟೆಯ ಮೇಲೆ, ಗೋಡೆಯ ಮೇಲೆ ಅವನ ಪಟ್ಟಿ. "ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕೋ ಕೆಲಸ ಇದು," ಎಂದ ಮಗ, "ಆದ್ರೂ ಹಾಕೋಣ. ಹೇಳಿ ಪಟ್ಟಿರಾಯರೇ." ಅವನು ಹೇಳಿದ. ತನ್ನ ದನಿ ತನಗೇ ದೂರದಿಂದ ಕೇಳುತ್ತಿತ್ತು, ತೂಕದ್ದು, ಬಲ್ಲವನದ್ದು. ನೀಲಿ ಕಳ್ಳನನ್ನು ಬೇಗ ಹಿಡಿಯುತ್ತದೆ, ಆದರೆ ಮನೆಯವರನ್ನೂ ಕಳ್ಳರೆಂದು ಕೂಗುತ್ತದೆ. ಶಾಖೆಯವರು ದಿನಕ್ಕೆ ಮೂರು ಸಲ ಹೊರಗೆ ನಿಲ್ಲಬೇಕಾದೀತು. ಕಿತ್ತಳೆ ಕೂಗುವುದು ತಡ, ಆದರೆ ಪ್ರತಿಗಳನ್ನು ಬೇರೆಯೇ ಕಡೆ ಇಡುತ್ತದೆ, ಒಮ್ಮೆ ಇಟ್ಟದ್ದನ್ನು ನಾವು ಕೂಡ ಅಳಿಸಲಾರೆವು. ಹಸಿರನ್ನು ಹೋಲಿಕೆಗೆಂದು ಮಾತ್ರ ಇಟ್ಟಿದ್ದೇನೆ. ಯಜಮಾನರು ಗದ್ದಕ್ಕೆ ಕೈಕೊಟ್ಟು ಕೇಳಿದರು. ಅವನು ಹತ್ತೊಂಬತ್ತನೆಯ ಸಾಲಿಗೆ ಬಂದ. ಈ ಸಲ ಎರಡನ್ನೂ ನಿಜವಾಗಿ ಪರೀಕ್ಷಿಸಿದ್ದ, ಒಂದಲ್ಲ ಏಳು ಸಲ, ರಜೆಯ ದಿನ ಕೂಡ ಬಂದು, ನೂರಕ್ಕೆ ನೂರು ತುಂಬುವವರೆಗೆ ಎದ್ದು ಹೋಗದೆ. ಈಗ ಹೇಳಬಹುದಿತ್ತು. ಹೋದ ಸಲ ಈ ಸಾಲು ನಾನು ನೋಡದೆ ತುಂಬಿದೆ ಎಂದು. "ಈ ಸಲ ಎರಡನ್ನೂ ಏಳೇಳು ಸಲ ನೋಡಿದ್ದೇನೆ," ಎಂದ. ಯಜಮಾನರು ಮಗನ ಕಡೆ ತಿರುಗಿ, "ನೋಡು, ಕೆಲಸ ಅಂದ್ರೆ ಹೀಗಿರಬೇಕು" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಕಿತ್ತಳೆ ಎಂದು ತೀರ್ಮಾನವಾಯಿತು. ಆಮೇಲೆ ಬಣ್ಣದಕ್ಕನನ್ನು ಕರೆಸಿದರು. ಮೇಜಿನ ಮೇಲೆ ಎರಡು ಪುಟದ ವರದಿ ಇತ್ತು, ಅದನ್ನು ಬರೆದದ್ದೂ ಅವನೇ. ಕಚೇರಿಯ ಕನ್ನಡ ಅವನಿಗೆ ಒಲಿದಿತ್ತು. ಘಟನೆಗೆ ಕಾರಣ: ಸಿಬ್ಬಂದಿಯೊಬ್ಬರು ಅಪರಿಚಿತರಿಂದ ಬಂದ ಮೇಲ್ ತೆರೆದಿರುವುದು. ಅವಳು ಕನ್ನಡಕ ಏರಿಸಿಕೊಂಡು, ಬಣ್ಣ ಹಿಡಿದ ಉಗುರನ್ನು ಸಾಲಿನ ಕೆಳಗೆ ಓಡಿಸುತ್ತ, ನಿಧಾನವಾಗಿ ಎರಡು ಪುಟವನ್ನೂ ಓದಿದಳು.

"ಒಂದು ಮಾತು ಸಾರ್," ಎಂದಳು. "ಇಲ್ಲಿ ಅಪರಿಚಿತರು ಅಂತ ಇದೆ. ಪರಿಚಯದವರು ಯಾರು ಸಾರ್ ನಮಗೆ ಕಣ್ಣು ಕಳಿಸ್ತಾರೆ? ಬರೋದೆಲ್ಲ ಅಪರಿಚಿತರದ್ದೇ. ತೆರೆದು ನೋಡೋದೇ ನನ್ನ ಕೆಲಸ ಆಗಿತ್ತು."

ಯಜಮಾನರು ಪಾಪದವರು, ಕತ್ತು ಕೆಳಗೆ ಹಾಕಿದರು. ಮಗ, "ಅಕ್ಕ, ಯಾರ ಮೇಲೂ ಕೋಪ ಇಲ್ಲ. ಕಾರಣ ಅಂತ ಒಂದು ಬರೀಲೇಬೇಕಲ್ಲ" ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಇಷ್ಟು ಮೆತ್ತಗೂ ಹೇಳಬಹುದೆಂದು ಪಟ್ಟಿರಾಯನಿಗೆ ಅಂದು ಗೊತ್ತಾಯಿತು. ಅವಳು ಸಹಿ ಹಾಕಿದಳು. ಕೆಳಗೆ ಇನ್ನೊಂದು ಗೆರೆ, "ವರದಿ ಸಿದ್ಧಪಡಿಸಿದವರು." ಪೆನ್ನನ್ನು ಅವನಿಗೆ ಕೊಡಬೇಕಾದವಳು ಕೊಡದೆ ಸ್ವಲ್ಪ ಹೊತ್ತು ತನ್ನ ಕೈಯಲ್ಲೇ ಹಿಡಿದುಕೊಂಡಳು. ಅವನ ಮುಖ ನೋಡಿದಳು. ಬಣ್ಣ ಹೊಂದಿಸುವಾಗ ನೋಡುವ ಹಾಗೆ, ಅವಸರವಿಲ್ಲದೆ. ಅವನು ಪೆನ್ನಿನ ಮುಚ್ಚಳವನ್ನು ನೋಡುತ್ತಿದ್ದ, ಅದರ ಕೊಂಡಿ ಮುರಿದಿತ್ತು. ಅವಳು ಪೆನ್ನು ಕೊಟ್ಟಳು. ಅವನು ಸಹಿ ಹಾಕಿದ. ಹೆಸರಿನ ಕೊನೆಯ ಅಕ್ಷರ ಎಂದಿಗಿಂತ ಉದ್ದವಾಯಿತು.

ಮಧ್ಯಾಹ್ನ ಇಬ್ಬರೂ ಒಂದೇ ಬಸ್ಸಿನಲ್ಲಿ ಅವನ ಮನೆಗೆ ಹೊರಟರು. ಅಮ್ಮನ ಚಿಪ್ಪು ಹಳತಾಗಿತ್ತು, ಅಂಚು ಒರಟಾಗಿ ರೆಪ್ಪೆ ಕೆಂಪಾಗುತ್ತಿತ್ತು. ಹೊಸದು ಮಾಡಿಕೊಡುತ್ತೇನೆ ಎಂದು ಬಣ್ಣದಕ್ಕ ಎಂದೋ ಮಾತು ಕೊಟ್ಟಿದ್ದಳು. ಕೆಲಸ ಹೋದರೂ ಮಾತು ಹೋಗುವುದಿಲ್ಲವಲ್ಲ ಎಂದು ಅವಳ ಲೆಕ್ಕ. ಮಡಿಲಲ್ಲಿ ಮರದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಹೊಸದೊಂದು ಪುಸ್ತಕ, ರಟ್ಟು ಇನ್ನೂ ಗರಿಗರಿ. "ಮೂವತ್ತೆರಡನೇದು," ಎಂದಳು ಅದನ್ನು ತಟ್ಟಿ. "ಮೊದಲನೇ ಪುಟ ನಿಮ್ಮಮ್ಮಂದೇ." ಮೂವತ್ತೊಂದನ್ನು ತಿಂದ ಯಂತ್ರದ ಸದ್ದು ಅವನ ಕಿವಿಯಲ್ಲಿ ಕಿರುಗುಟ್ಟಿತು. ಮುಂದೆ ಏನು ಮಾಡುತ್ತೀರಿ ಎಂದು ಕೇಳಬೇಕಿತ್ತು. ಕೇಳಿದರೆ ಉತ್ತರ ಕೇಳಬೇಕಾಗುತ್ತದೆ. ಗಂಡ ತೀರಿಕೊಂಡವಳು, ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿರುತ್ತಾಳೆ, ಈ ವರದಿ ಹಿಂದೆ ಬಂದರೆ ಬೇರೆ ಯಾವ ಕಾರ್ಯಾಗಾರವೂ ಬಾಗಿಲು ತೆರೆಯುವುದಿಲ್ಲ. ಅಷ್ಟೂ ಅವನಿಗೆ ಗೊತ್ತಿತ್ತು. ಕೊಡೆಯ ಹಿಡಿಯನ್ನು ತಿರುಗಿಸುತ್ತ ಕೂತ.

ಅಮ್ಮ ಹಸಿರು ಅಂಚಿನ ಒಳ್ಳೆಯ ಸೀರೆ ಉಟ್ಟುಕೊಂಡು, ತಲೆ ಬಾಚಿಕೊಂಡು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಆಗಲೇ ತಯಾರಾಗಿದ್ದಳು. "ಬಾರಮ್ಮ ಬಾ. ಎಷ್ಟು ಇಳಿದುಹೋಗಿದ್ದೀ," ಎಂದು ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ನಾಲ್ಕು ಗಂಟೆಯ ಬೆಳಕು ನೆಲದ ಮೇಲೆ ಅಚ್ಚುಕಟ್ಟಾಗಿ ಬಿದ್ದಿತ್ತು. ಬಣ್ಣದಕ್ಕ ಪೆಟ್ಟಿಗೆ ತೆರೆದು, ಹೊಸ ಚಿಪ್ಪಿನ ನಡುವೆ ಕೂರಬೇಕಾದ ಕಾಸಿನಗಲದ ಒಂದು ಕಪ್ಪು ಬಿಲ್ಲೆಯನ್ನು ಕಡ್ಡಿಯ ತುದಿಗೆ ಅಂಟಿಸಿ, ಕಂದು, ಹಳದಿ, ಬೂದು ಚಿಕ್ಕ ಚಿಕ್ಕ ಗುಡ್ಡೆ ಮಾಡಿಕೊಂಡಳು. ಪುಸ್ತಕ ತೆರೆದು "ಅಮ್ಮ" ಎಂದು ಬರೆದು ತಾರೀಖು ಹಾಕಿದಳು. ಆಮೇಲೆ ಅವನ ಕಡೆ ತಿರುಗಿ, "ನೀವು ಇಲ್ಲಿ ಎದುರಿಗೆ ಕೂತ್ಕೊಳ್ಳಿ" ಎಂದಳು.

"ನಾನಾ? ಯಾಕೆ?"

"ಅವರಿಗೆ ನೋಡೋಕೆ ಒಂದು ಗುರುತು ಬೇಕಲ್ಲ. ಹೋದ ಸಲಾನೂ ನೀವೇ ಕೂತಿದ್ರಿ. ಮಗನ ಕಡೆ ನೋಡುವಾಗ ಪಾಪೆ ಹಿಗ್ಗುತ್ತೆ ಅಂತ ಪುಸ್ತಕದಲ್ಲಿ ಬರ್ಕೊಂಡಿದ್ದೆ. ಆ ಅಳತೆಗೇ ಬರೆದದ್ದು." ಅಮ್ಮನಿಗೆ, "ಅಮ್ಮ, ಮಗನನ್ನೇ ನೋಡ್ತಾ ಇರಿ. ಕಣ್ಣು ಆಚೆ ಈಚೆ ಹೋಗಬಾರದು," ಎಂದಳು.

ಅವನು ಸ್ಟೂಲು ಎಳೆದುಕೊಂಡು ಕೂತ. ಅಮ್ಮ ನೋಡಿದಳು. ಹಳೆಯ ಚಿಪ್ಪನ್ನು ತೆಗೆದಿಟ್ಟಾಗಿತ್ತು, ಬಲ ರೆಪ್ಪೆ ಮುಚ್ಚಿತ್ತು, ಎಡಗಣ್ಣೊಂದೇ ತೆರೆದಿತ್ತು. ಈಗ ಯಾವುದು ನೋಡುವ ಕಣ್ಣು ಎಂಬ ಅನುಮಾನಕ್ಕೆ ಎಡೆಯಿರಲಿಲ್ಲ. ಚಿಕ್ಕಂದಿನಲ್ಲಿ ಸುಳ್ಳು ಹೇಳಿದಾಗ ಅಮ್ಮ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, "ಇಲ್ಲಿ ನೋಡಿ ಹೇಳು" ಎನ್ನುತ್ತಿದ್ದಳು, ಅಷ್ಟೇ. ಅವನು ಬಿಲ್ಲೆಯ ಮೇಲೆ ಓಡುವ ಕುಂಚವನ್ನು ನೋಡಲು ಕಣ್ಣು ಹೊರಳಿಸಿದ. "ನೀವು ಅಲುಗಾಡಿದ್ರೆ ಅವರೂ ಅಲುಗಾಡ್ತಾರೆ," ಎಂದಳು ಬಣ್ಣದಕ್ಕ ತಲೆಯೆತ್ತದೆ.

ಕಣ್ಣು ಮಾತ್ರ ಕದಲಬಾರದಿತ್ತು, ಬಾಯಿಗೆ ಕಟ್ಟಿರಲಿಲ್ಲ. ಅಮ್ಮ ಕೇಳಿದಳು, "ಯಾಕಮ್ಮ ಕೆಲಸ ಬಿಟ್ಟೆ?"

"ಒಂದು ಫೋಟೋ ತೆರೆದೆ ಅಮ್ಮ, ಎಲ್ಲಾ ಹೋಯ್ತು."

"ಇನ್ನೊಂದು ಪ್ರತಿ ಇರುತ್ತಲ್ಲ? ಇವನು ಹೇಳ್ತಿದ್ದ, ಎಲ್ಲೋ ದೂರದ ಕಟ್ಟಡದಲ್ಲಿ ಇಡ್ತೀವಿ ಅಂತ. ನೋಡದೇ ಇರೋರ ಮನೇಲಿ ಒಡವೆ ಇಟ್ಟ ಹಾಗಲ್ವೇನೋ ಅಂದಿದ್ದೆ ನಾನು. ನಕ್ಕಿದ್ದ."

"ಇದೆ ಅಂದ್ಕೊಂಡಿದ್ವಿ."

"ಅಂದ್ಕೊಂಡಿದ್ರಾ? ಯಾರೂ ಹೋಗಿ ನೋಡ್ಲಿಲ್ವಾ?"

ಕುಂಚ ನಿಲ್ಲಲಿಲ್ಲ. ಬಣ್ಣದಕ್ಕ ಬೂದು ಬಣ್ಣಕ್ಕೆ ಒಂದಿಷ್ಟು ಬಿಳಿ ಬೆರೆಸಿ, ಬಿಲ್ಲೆಯ ಅಂಚಿಗೆ ತಾಗಿಸಿ, ಅಮ್ಮನ ಕಣ್ಣಿನ ಪಕ್ಕ ಹಿಡಿದು ನೋಡಿ, ಮತ್ತೆ ಬೆರೆಸಿದಳು. ಅವಳು ಉತ್ತರ ಕೊಡುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಉತ್ತರ ಕೊಡದಿರುವುದಕ್ಕೇ ಅವಳು ಬಂದಿದ್ದಾಳೆ ಎನ್ನಿಸಿತು. ಎದುರಿಗೆ ಅಮ್ಮನ ಕಣ್ಣು, ನಡುವೆ ಕದಲುವಂತಿಲ್ಲದ ನಾಲ್ಕು ಅಡಿ ಬೆಳಕು.

"ನಾನು ನೋಡ್ಬೇಕಿತ್ತಮ್ಮ," ಎಂದ. ಬೆಳಿಗ್ಗೆ ತೂಕದಿಂದ ಮಾತಾಡಿದ ದನಿ ಇದಲ್ಲ. "ನೋಡ್ದೇ ನೋಡಿದೀನಿ ಅಂತ ಬರೆದೆ. ಅಕ್ಕ ಕೇಳಿದ್ರು, ತಿರುಗಿ ಬಂತಾ ಅಂತ. ಬಂತು ಅಂದೆ. ಬಂದಿರ್ಲಿಲ್ಲ."

ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹತ್ತಿಕೊಳ್ಳುತ್ತಿರಲಿಲ್ಲ.

"ನಲವತ್ತಕ್ಕೆ ನಿಂತಿತ್ತು," ಎಂದಳು ಬಣ್ಣದಕ್ಕ, ಬಿಲ್ಲೆಯನ್ನೇ ನೋಡುತ್ತ.

ಅವನು ಕದಲಿಬಿಟ್ಟ. "ನಿಮಗೆ ಗೊತ್ತಿತ್ತಾ?"

"ನಿಮ್ಮ ಹಿಂದೇನೇ ನಿಂತಿದ್ನಲ್ಲ ಪಟ್ಟಿರಾಯರೇ. ಬಣ್ಣ ನೋಡೋ ಕಣ್ಣು ಇದು, ಅಷ್ಟು ಕಾಣಲ್ವಾ?"

"ಮತ್ತೆ ಪುಸ್ತಕ ಯಾಕೆ ಕೊಟ್ರಿ?"

"ನೀವು ಬಂತು ಅಂದ್ರಿ." ಅವಳು ಅದನ್ನು ದೂರಿನ ಹಾಗೆ ಹೇಳಲಿಲ್ಲ. "ನನಗೆ ಆ ಯಂತ್ರದ ವಿಷಯ ಏನು ತಿಳಿಯುತ್ತೆ? ನಲವತ್ತು ಅಂದ್ರೆ ಸಾಕೇನೋ ಅಂದ್ಕೊಂಡೆ. ನೀವು ಸುಳ್ಳು ಹೇಳೋರಲ್ಲ ಅಂತ ಹದಿನೈದು ವರ್ಷದಿಂದ ನೋಡಿದ್ದೆ."

"ಎರಡು ತಿಂಗಳಿಂದ ಯಾಕೆ ಯಾರಿಗೂ ಹೇಳಲಿಲ್ಲ?"

"ನೀವೇ ಹೇಳ್ತೀರಿ ಅಂತ ಸುಮ್ಮನಿದ್ದೆ. ಇವತ್ತೂ ಆ ವರದಿಗೆ ಸಹಿ ಹಾಕಿ ಪೆನ್ನು ಹಿಡ್ಕೊಂಡು ಕಾದೆನಲ್ಲ."

ಆಗ ಅವಳು ತಲೆಯೆತ್ತಿದಳು, ಅವನ ಕಡೆಗಲ್ಲ, ಅಮ್ಮನ ಕಡೆಗೆ. ಅಮ್ಮ ತನಗೆ ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಮಗನನ್ನೇ ನೋಡುತ್ತಿದ್ದಳು. ಆ ಕಣ್ಣು ಅಂಚಿನವರೆಗೆ ತುಂಬಿಕೊಂಡು, ಬೂದು ಉಂಗುರ ಕಾಣದಂತಾಗಿ, ಒಂದೇ ಕಡೆಯಿಂದ ನೀರು ಕೆನ್ನೆಗೆ ಇಳಿಯಿತು. ಆಮೇಲೆ ಮುಚ್ಚಿದ ರೆಪ್ಪೆಯ ಕೆಳಗಿನಿಂದಲೂ ಒಂದು ಹನಿ ಬಂತು. ಕಣ್ಣು ಹೋದರೂ ನೀರು ಹೋಗುವುದಿಲ್ಲ. ಬಣ್ಣದಕ್ಕ ತನ್ನ ಸೆರಗಿನಿಂದ ಅಮ್ಮನ ಎರಡೂ ಕೆನ್ನೆ ಒರೆಸಿದಳು, ಬಿಲ್ಲೆಯನ್ನು ಕಣ್ಣಿನ ಪಕ್ಕ ಹಿಡಿದಳು, ಸ್ವಲ್ಪ ಹೊತ್ತು ನೋಡಿದಳು, ಕೆಳಗಿಟ್ಟಳು.

"ಇವತ್ತಾಗಲ್ಲ ಅಮ್ಮ," ಎಂದಳು. "ನೀರು ಬಂದ ಕಣ್ಣಿಗೆ ಬಣ್ಣ ಸಿಗಲ್ಲ. ನಾಳೆ ಇದೇ ಹೊತ್ತಿಗೆ ಬರ್ತೀನಿ."

ಪುಸ್ತಕದಲ್ಲಿ "ಅಮ್ಮ" ಎಂಬ ಮಾತಿನ ಕೆಳಗೆ ಏನೂ ಬರೆಯದೆ ಮುಚ್ಚಿದಳು. ಕುಂಚ ತೊಳೆದಳು, ಪೆಟ್ಟಿಗೆ ಹಾಕಿದಳು, ಚಪ್ಪಲಿ ಮೆಟ್ಟಿದಳು. ಅವನು ಬಾಗಿಲವರೆಗೆ ಹೋದ. ಕೊಡೆ ಚಾಚಿದ. ಅವಳು ಆಕಾಶ ನೋಡಿ, "ಬೇಡ ಬಿಡಿ" ಎಂದು ಮೆಟ್ಟಿಲಿಳಿದಳು. ಅವಳ ಹೆಜ್ಜೆಯ ಸದ್ದು ಅವತ್ತಿನದೇ ಥರ ಇತ್ತು, ಎರಡು ಚೀಲ ಹೊತ್ತು ಇಳಿದ ದಿನದ್ದು.

ಒಳಗೆ ಬಂದಾಗ ಅಮ್ಮ ಅದೇ ಕುರ್ಚಿಯಲ್ಲಿ, ಅದೇ ಭಂಗಿಯಲ್ಲಿ, ಖಾಲಿ ಸ್ಟೂಲಿನ ಕಡೆ ನೋಡುತ್ತ ಕೂತಿದ್ದಳು. ಬೆಳಕು ಅವಳ ಪಾದದಿಂದ ಗೋಡೆಗೆ ಸರಿದಿತ್ತು. ಅವನು ಬಟ್ಟಲಿನಿಂದ ಹಳೆಯ ಚಿಪ್ಪನ್ನು ತೆಗೆದು, ತೊಳೆದು, ಹತ್ತಿರ ಹೋದ. ಅಮ್ಮ ಅವನ ಕೈಯನ್ನು ಸರಿಸಿ ತಾನೇ ಅದನ್ನು ತೆಗೆದುಕೊಂಡು, ತಡವುತ್ತ, ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಕೂರಿಸಿಕೊಂಡಳು. ಒಂಬತ್ತು ವರ್ಷದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಅವನು ಕೈ ಇಳಿಬಿಟ್ಟು ನಿಂತ.

"ಆ ವರದೀಲಿ ತಪ್ಪು ಇವಳ ಮೇಲೆ ಹಾಕಿ ಸಹಿ ಮಾಡಿದ್ದೀಯಾ?"

"ಹೂಂ."

"ಬದಲಾಯಿಸೋಕೆ ಬರುತ್ತಾ?"

"ಬರುತ್ತಮ್ಮ. ನಾಳೆ ಬೆಳಿಗ್ಗೆ ಹೋದ ತಕ್ಷಣ ಯಜಮಾನರಿಗೆ ಎಲ್ಲಾ ಹೇಳ್ತೀನಿ. ನಾಳೆ ಖಂಡಿತ..."

ಅಮ್ಮ ಕೈ ಎತ್ತಿ ತಡೆದಳು.

"ಈಗ ಏನೂ ಹೇಳಬೇಡ," ಎಂದಳು. "ಹೋಗಿ, ಮಾಡಿ ಬಂದು ಹೇಳು."